ಕಿಟಕಿ ಮುಚ್ಚಿದ ಮೂರು ದಿನ

ಮಳೆಗಾಲದಲ್ಲಿ ಮನೆಯೊಳಗೆ ಗಿಡ ಬೆಳೆಸುವವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಒಂದು ಕಾಲದಲ್ಲಿ ಇದೆಯೆಂದು ನಂಬಿದ್ದೆ. ಆ ನಂಬಿಕೆ ನನ್ನ ಹೆಂಡತಿಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ಕೊಟ್ಟಿಗೆಹಾರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಹಾಕುವುದು, ಸ್ಪ್ರೇ ಮಾಡುವ ದಿನ ಡ್ರಮ್ಮಿನ ಪಕ್ಕ ನಿಂತು ಔಷಧಿಯ ಹದ ನೋಡುವುದು ನನ್ನ ಕೆಲಸ. ನಮ್ಮ ಕಡೆ ಔಷಧಿ ಅಂದರೆ ಬೋರ್ಡೋ. ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಕಲಸಿದ ನೀಲಿ ದ್ರಾವಣ. ಕಾಫಿಯ ಕೊಳೆರೋಗಕ್ಕೆ ಅದೇ, ಅಡಿಕೆಯ ಕೊಳೆಗೆ ಅದೇ, ಮೆಣಸಿನ ಬಳ್ಳಿ ಸೊರಗಿದರೂ ಅದೇ. ಸುಣ್ಣ ಕಮ್ಮಿಯಾದರೆ ಮೈಲುತುತ್ತ ಎಲೆಯನ್ನು ಸುಡುತ್ತದೆ. ಅದಕ್ಕೇ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಕತ್ತಿ ನೋಡಿ ಹದ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೇಸ್ತ್ರಿ ಹೇಳುತ್ತಿದ್ದ. ಅವನು ಹೇಳದಿದ್ದರೂ ನಾನೇ ಹೇಳಿಕೊಳ್ಳುತ್ತಿದ್ದೆ.

ನನ್ನ ಹೆಂಡತಿಯ ತೌರು ಜಾವಳಿ. ಮದುವೆಯಾಗಿ ಕೆಲವು ವರ್ಷಕ್ಕೆ, ಒಂದು ಆಷಾಢದಲ್ಲಿ, ಅವಳ ಅಮ್ಮ ತೀರಿಕೊಂಡರು. ಮುಂದಿನ ಬೇಸಿಗೆಗೇ ಅವಳ ಅಣ್ಣ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸಲು ಶುರುಮಾಡಿದರು. ಜಗಲಿಯ ಮೇಲೆ ಅಮ್ಮ ಬೆಳೆಸಿದ್ದ ಬಣ್ಣದೆಲೆಯ ಬಿಗೋನಿಯ ಗಿಡಗಳು ಇಟ್ಟಿಗೆ ರಾಶಿಯಡಿ ಹೋದವು. ಇವಳು ಹೋದಾಗ ಸಿಕ್ಕಿದ್ದು ನಾಲ್ಕೈದು ಎಲೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಳು. ಎಲೆಯ ನರಗಳನ್ನು ಬ್ಲೇಡಿನಿಂದ ಗೀರಿ ಮರಳಿನ ಮೇಲೆ ಹಾಸಿದಳು. ಗೀರಿದಲ್ಲೆಲ್ಲ ಕೂದಲೆಳೆಯಂಥ ಬೇರು ಬಂತು. ಮಳೆ ಹಿಡಿಯುವ ಹೊತ್ತಿಗೆ ಎಂಟು ಹಾಲಿನಪುಡಿ ಡಬ್ಬಿಗಳಲ್ಲಿ ಎಂಟು ಗಿಡ. ಅಮ್ಮನ ಕೈ ಮುಟ್ಟಿದ್ದರಲ್ಲಿ ಜೀವ ಇರುವುದು ಇನ್ನು ಇಷ್ಟೇ ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಹೊರಗಿಟ್ಟರೆ ಗಾಳಿಮಳೆಗೆ ಎಲೆ ಹರಿಯುತ್ತದೆ. ಹಾಗಾಗಿ ಕ್ವಾರ್ಟರ್ಸಿನ ಮುಂದಿನ ಕೋಣೆಯೇ ಗಿಡಗಳ ಪಾಲಾಯಿತು. ಚಾಪೆ ಒಣಗದ, ಚಪ್ಪಲಿಗೆ ಬೂಷ್ಟು ಬರುವ ಆ ಕೋಣೆಯಲ್ಲಿ ಅವಳು ಗಿಡ ಉಳಿಸಿಕೊಂಡ ರೀತಿ ನನಗೆ ನಗೆ ತರಿಸುತ್ತಿತ್ತು. ಬೆಳಿಗ್ಗೆ ಎದ್ದು, ಎಷ್ಟೇ ಇರಚಲು ಹೊಡೆಯಲಿ, ಒಂದು ಗಂಟೆ ಕಿಟಕಿ ತೆಗೆದಿಡುತ್ತಿದ್ದಳು. ಡಬ್ಬಿಗಳ ಮಧ್ಯೆ ಒಂದೊಂದು ಗೇಣು ಜಾಗ. ಮಣ್ಣಿಗೆ ಬೆರಳು ಹಾಕಿ ನೋಡದೆ ನೀರಿಲ್ಲ. ಬಸವನಹುಳು ಬಾರದಂತೆ ಸುತ್ತ ಒಲೆಬೂದಿ. ಎಲೆಯ ಮೇಲೆ ಬಿಳಿ ಹಿಟ್ಟು ಉದುರಿಸಿದಂಥ ಬೂದಿರೋಗ ಕಂಡರೆ ಆ ಎಲೆಯನ್ನಷ್ಟೇ ಕತ್ತರಿಸಿ ಒಲೆಗೆ ಹಾಕಿ, ಕೈ ತೊಳೆದೇ ಇನ್ನೊಂದು ಗಿಡ ಮುಟ್ಟುವುದು.

"ಇದೇನು ಗಿಡವೋ, ಬಾಣಂತಿಯೋ ಮಾರಾಯ್ತಿ? ಒಂದ್ಸಲ ಬೋರ್ಡೋ ಹೊಡೆದ್ರೆ ಮುಗೀತು," ಎಂದೆ.

"ಇವು ಕಾಫಿ ಗಿಡ ಅಲ್ಲ. ಇವಕ್ಕೆ ಬೇಕಾದ್ದು ಔಷಧಿ ಅಲ್ಲ, ಗಾಳಿ. ಅಮ್ಮ ಹಾಗೇ ಹೇಳ್ತಿದ್ದದ್ದು," ಎಂದಳು.

ಅವಳು ನಿಧಾನವಾಗಿಯೇ ಹೇಳಿದ್ದಳು. ನನಗೆ ಮಾತ್ರ ಚುಚ್ಚಿತು. ನೂರಾರು ಎಕರೆಗೆ ಹದ ನೋಡುವವನಿಗೆ ಎಂಟು ಡಬ್ಬಿಯ ಪಾಠವೇ?

ಆಷಾಢದಲ್ಲಿ ಅಮ್ಮನ ವರ್ಷದ ತಿಥಿ ಬಂತು. ಇವಳು ಮೂರು ದಿನಕ್ಕೆ ಜಾವಳಿಗೆ ಹೊರಟಳು. ಬಾಗಿಲಲ್ಲಿ ನಿಂತು, "ನೀರು ಹಾಕಬೇಡಿ. ಬೆಳಿಗ್ಗೆ ಕಿಟಕಿ ತೆಗೀರಿ, ಅಷ್ಟು ಸಾಕು," ಎಂದಳು.

ಅಂದೇ ಸಂಜೆ ಎರಡು ಎಲೆಯ ಮೇಲೆ ಬೂದಿರೋಗ ಕಂಡಿತು. ಕತ್ತರಿಸಿ ಒಲೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಬರುವಷ್ಟರಲ್ಲಿ ರೋಗವನ್ನು ಬುಡಸಹಿತ ಕಿತ್ತು ತೋರಿಸಬೇಕೆಂಬ ಚಪಲ ನನಗೆ. ಸ್ಟೋರಿನಿಂದ ಮೈಲುತುತ್ತ ತಂದು ಬಕೆಟ್ಟಿನಲ್ಲಿ ಕಲಸಿದೆ. ಆ ಎಲೆಗಳಿಗೆ ಬೆಳ್ಳಿ, ನೇರಳೆ, ಹಸಿರು ಎಲ್ಲ ಬಣ್ಣವಿತ್ತು. ಸುಣ್ಣ ಹೆಚ್ಚಾದರೆ ಬಿಳಿ ಕಲೆ ಕೂತು ಅಂದ ಕೆಡುತ್ತದೆಂದು ಸುಣ್ಣವನ್ನು ಕಮ್ಮಿ ಮಾಡಿದೆ. ಅಭ್ಯಾಸಬಲದಿಂದ ಕತ್ತಿ ಅದ್ದಿದೆ. ಅಲಗು ಕೆಂಪಾಯಿತು. ತೋಟದಲ್ಲಾಗಿದ್ದರೆ ಡ್ರಮ್ಮಿಗೆ ಡ್ರಮ್ಮನ್ನೇ ಚೆಲ್ಲಿಸಿ ಮೇಸ್ತ್ರಿಗೆ ಬೈಯುತ್ತಿದ್ದೆ. ಇಲ್ಲಿ, ಇಷ್ಟಕ್ಕೆಲ್ಲ ಏನಾಗುತ್ತದೆ ಎಂದು ಎಲೆಗಳ ಎರಡೂ ಬದಿಗೆ ಹೊಡೆದೆ.

ಆಮೇಲೆ ಕಿಟಕಿ ಮುಚ್ಚಿದೆ. ತೋಟದಲ್ಲಿ ಸ್ಪ್ರೇ ಆದ ಮೇಲೆ ಮಳೆ ಬಿದ್ದರೆ ಎಲ್ಲ ತೊಳೆದುಹೋಗುತ್ತದೆ, ಅದೇ ತಲೆಯಲ್ಲಿತ್ತು. ಮನೆಯೊಳಗೆ ಮಳೆ ಎಲ್ಲಿಂದ ಬರಬೇಕು? ಆ ಯೋಚನೆ ಆಗ ಬರಲೇ ಇಲ್ಲ. ಮರುದಿನ ರಸ್ತೆಗೆ ಮರ ಬಿದ್ದು ಅದರ ಹಿಂದೆಯೇ ಹೊತ್ತು ಹೋಯಿತು. ಕಿಟಕಿ ತೆಗೆಯಲಿಲ್ಲ. ಮುಚ್ಚಿದ ಕೋಣೆಯ ಥಂಡಿಯಲ್ಲಿ ಆ ನೀಲಿ ನೀರು ಎಲೆಗಳ ಮೇಲೆ ಆರದೆ ಕೂತೇ ಇತ್ತು.

ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಎಲೆಗಳ ಅಂಚು ಕಪ್ಪಾಗಿ, ದಂಟು ಬೆಂದ ಸೊಪ್ಪಿನ ಹಾಗೆ ಬಾಗಿತ್ತು. ಮುಟ್ಟಿದರೆ ಕಳಚಿ ಕೈಗೆ ಬರುತ್ತಿತ್ತು. ಆಮೇಲೆ ಮಾಡಿದ್ದೆಲ್ಲ ಕಳ್ಳನ ಕೆಲಸ. ಎಂಟೂ ಗಿಡದ ಎಲೆಗಳನ್ನು ಬುಡಕ್ಕೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿದೆ. ಕಿಟಕಿಯ ಹಲಗೆಗೆ ಹಾರಿದ್ದ ನೀಲಿ ಕಲೆಗಳನ್ನು ಉಜ್ಜಿ ತೆಗೆದೆ.

ಮಧ್ಯಾಹ್ನದ ಬಸ್ಸಿಗೆ ಅವಳು ಬಂದಳು. ಬಾಳೆಲೆಯಲ್ಲಿ ನನಗೆಂದು ತಿಥಿಯ ವಡೆ ಕಟ್ಟಿಕೊಂಡು ಬಂದಿದ್ದಳು. ಗಂಟನ್ನು ಕೆಳಗಿಡದೆ ಹಾಗೇ ನಿಂತು ಡಬ್ಬಿಗಳನ್ನು ನೋಡಿದಳು.

"ಬೂದಿರೋಗ. ಎರಡೇ ದಿನದಲ್ಲಿ ಎಲ್ಲದಕ್ಕೂ ಹಬ್ಬಿಬಿಡ್ತು. ಕತ್ತರಿಸದೆ ಬೇರೆ ದಾರಿ ಇರ್ಲಿಲ್ಲ," ಎಂದೆ.

"ಕಿಟಕಿ ತೆಗ್ದಿದ್ರಾ?"

"ತೆಗ್ದಿದ್ದೆ."

ಅವಳು ನನ್ನನ್ನು ಅನುಮಾನಿಸಲಿಲ್ಲ. "ಮೊದಲೇ ಕಂಡಿದ್ರೆ ಆ ಎಲೆ ತೆಗೀಬಹುದಿತ್ತು. ನಾನು ಹೋಗ್ಬಾರ್ದಿತ್ತು," ಎಂದಳು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವಳು ತಟ್ಟೆಗೆ ಹಾಕಿಕೊಟ್ಟ ವಡೆಯನ್ನು ತಿಂದೆ.

ತಿಂಗಳು ಕಳೆದ ಮೇಲೆ ಎರಡು ಡಬ್ಬಿಯಲ್ಲಿ ಗೆಡ್ಡೆ ಚಿಗುರಿತು. ಉಳಿದ ಆರು ಕೊಳೆತುಹೋದವು. ನನಗೆ ಹೋದ ಜೀವ ಬಂದಂತಾಯಿತು. ಇನ್ನು ಹೇಳುವ ಅಗತ್ಯವೇ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಚಿಗುರಿನಿಂದಲೇ ಕೆಲಸ ಕೆಡುತ್ತದೆ ಎಂದು ನನಗೇನು ಗೊತ್ತು? ಮುಂದಿನ ಆಷಾಢದಲ್ಲಿ ಅಣ್ಣ ತಿಥಿಗೆ ಕರೆದಾಗ ಇವಳು ಹೋಗಲಿಲ್ಲ. "ಮಳೆ ದಿನ. ಇವನ್ನ ಬಿಟ್ಟು ಹೋದ್ರೆ ಮತ್ತೆ ಹಾಗೇ ಆದ್ರೆ?" ಎಂದಳು. ಅದರ ಮುಂದಿನ ವರ್ಷವೂ ಹೋಗಲಿಲ್ಲ. ಅಮ್ಮನ ತಿಥಿ ಬೀಳುವುದು ಮಳೆಯಲ್ಲೇ. ನಾನು ನೋಡಿಕೊಳ್ಳುತ್ತೇನೆ ಎಂದು ಒಂದೆರಡು ಸಲ ಹೇಳಿದೆ. ನನ್ನ ದನಿ ನನಗೇ ಸರಿಕಾಣದೆ ಸುಮ್ಮನಾದೆ.

ಈ ನಡುವೆ ತೋಟಕ್ಕೆ ಬಂದಿದ್ದ ಒಬ್ಬ ಕೃಷಿ ಅಧಿಕಾರಿಯನ್ನು, ಬೇರೆ ಯಾರದೋ ಗಿಡದ ಮಾತೆಂಬಂತೆ, ಕೇಳಿದೆ. "ಬೂದಿರೋಗಕ್ಕೆ ಬೋರ್ಡೋ ಹೊಡೆದು ಏನು ಬಂತು? ಅದಕ್ಕೆ ಬೇಕಾದ್ದು ಗಂಧಕ. ಅದೂ ಎಳೇ ಎಲೆಗೆ, ಮುಚ್ಚಿದ ಕೋಣೇಲಿ ಹೊಡೆದವರು ಯಾರು ಮಾರಾಯ್ರೆ?" ಎಂದು ನಕ್ಕರು. ನಾನೂ ನಕ್ಕೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮಳೆಗಾಲ ಅಣ್ಣ ತಾವೇ ಕರೆಯಲು ಬಂದರು. ಕೋಣೆಯ ತುಂಬ ಈಗ ಇಪ್ಪತ್ತು ಡಬ್ಬಿ. ಇವಳು ಎಂದಿನಂತೆ ಬರಲಾಗುವುದಿಲ್ಲ ಎಂದಳು. ಅಣ್ಣ ಲೋಟ ಕೆಳಗಿಟ್ಟು ಎದ್ದರು.

"ಅಮ್ಮನಿಗಿಂತ ಗಿಡ ಹೆಚ್ಚಾಯ್ತು ನಿಂಗೆ. ಆಗ್ಲಿ. ಇನ್ನು ಕರೆಯಲ್ಲ," ಎಂದರು.

ಅವಳು ತಲೆ ತಗ್ಗಿಸಿದಳು. ಇವು ಅಮ್ಮನ ಗಿಡವೇ ಎಂದು ಕೂಡ ಹೇಳಲಿಲ್ಲ. ಅಣ್ಣ ಗೇಟು ದಾಟುವವರೆಗೂ ನಾನು ಕಂಬದ ಹಾಗೆ ನಿಂತಿದ್ದೆ. ಆಮೇಲೆ ಒಳಗೆ ಬಂದು, ಅವಳ ಮುಂದೆ ಕೂತು, ಎಲ್ಲವನ್ನೂ ಹೇಳಿದೆ. ಕಮ್ಮಿ ಮಾಡಿದ ಸುಣ್ಣ, ಕೆಂಪಾದ ಕತ್ತಿ, ಮುಚ್ಚಿದ ಕಿಟಕಿ, ಗೊಬ್ಬರದ ಗುಂಡಿ. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೆರಳು ಮಡಚಿ ಎಣಿಸತೊಡಗಿದಳು.

"ಏಳು ತಿಥಿ," ಎಂದಳು.

ನಾಳೆಯೇ ನಾನೇ ಕರೆದುಕೊಂಡು ಹೋಗುತ್ತೇನೆ, ಅಣ್ಣನ ಕಾಲು ಹಿಡಿಯುತ್ತೇನೆ ಎಂದೆಲ್ಲ ಬಡಬಡಿಸಿದೆ. ಅದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಪ್ರತಿ ತಿಥಿಯ ದಿನ ಬೆಳಿಗ್ಗೆ ಇಲ್ಲೇ ನಿಂತು, ಇವನ್ನ ಬಿಟ್ಟು ಹೋಗಿದ್ದು ತಪ್ಪಾಯ್ತಮ್ಮ ಅಂತ ಕೈ ಮುಗೀತಿದ್ದೆ," ಎಂದಳು. "ನೀವು ಅಲ್ಲೇ ಕೂತು ಕಾಫಿ ಕುಡೀತಿದ್ರಿ."