ಗಡಿಯಾರದ ಪಕ್ಕದ ಕೆಂಪು ಚುಕ್ಕೆ

ಬಿಎಸ್ಸಿ ಮುಗಿಸಿ ಹಗರಿಬೊಮ್ಮನಹಳ್ಳಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದ ದಿನಗಳವು. ಬಿಡುವಿನಲ್ಲಿ ಅಂಗಡಿಗಳಿಗೆ, ಆಸ್ಪತ್ರೆಗಳಿಗೆ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ಹೂವಿನಹಡಗಲಿಯ ಒಂದು ಚಿಕ್ಕ ನರ್ಸಿಂಗ್ ಹೋಮಿಗೆ ಬರೆದದ್ದೂ ಅಂಥದೇ. ಹಿತ್ತಲಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರ್, ಡಾಕ್ಟರ ಮೇಜಿನ ಮೇಲೆ ಇನ್ನೊಂದು, ನಡುವೆ ಕೇಬಲ್. ಅಲ್ಲಿ ವರದಿ ಟೈಪ್ ಮಾಡಿದರೆ ಇಲ್ಲಿಗೆ ಬರಬೇಕು, ಅಷ್ಟೇ.

ಮೊದಲು, ವರದಿ ಬಂದ ಕೂಡಲೇ ಪರದೆಯ ನಡುವೆ ಒಂದು ಪೆಟ್ಟಿಗೆ ತೆರೆಯುವಂತೆ ಮಾಡಿದ್ದೆ. ಡಾಕ್ಟರಿಗೆ ಅದು ಹಿಡಿಸಲಿಲ್ಲ.

“ಔಷಧ ಬರೀತಿರ್ತೀನಿ, ಅಷ್ಟರಾಗ ಕರೀದ ಬೀಗರಂಗ ಮುಂದ ಬಂದು ನಿಂದರ್ತೈತಿ. ಒಂದು ಮೂಲ್ಯಾಗ ಸುಮ್ಮನ ಕುಂದ್ರೋ ಹಂಗ ಮಾಡಮ್ಮ.”

ಮೂಲೆ ಎಂದರೆ ಪರದೆಯ ಕೆಳಗಿನ ಬಲಮೂಲೆ, ಗಡಿಯಾರದ ಪಕ್ಕ. ಅಲ್ಲಿ ಪ್ರೋಗ್ರಾಮಿನ ಗುರುತಾಗಿ ಗಾಜಿನ ನಳಿಕೆಯ ಚಿತ್ರವೊಂದನ್ನು ಇಟ್ಟೆ. ವರದಿ ಬಂದರೆ ನಳಿಕೆಯ ಮೇಲೆ ಕೆಂಪು ಚುಕ್ಕೆ, ಚುಕ್ಕೆಯೊಳಗೆ ಎಷ್ಟು ವರದಿ ಎಂಬ ಅಂಕಿ. ಅದನ್ನು ಒತ್ತಿದರೆ ವರದಿ ತೆರೆದುಕೊಳ್ಳುತ್ತದೆ. ಹೇಳಲು ಸುಲಭ. ಇದ್ದದ್ದು ಅವರೆಕಾಳಿನಷ್ಟು ಜಾಗ. ಒಂದೊಂದು ಅಂಕಿಗೂ ಬೇರೆ ಚಿತ್ರ, ಒಂದೊಂದು ಚಿತ್ರದಲ್ಲೂ ಚೌಕ ಚೌಕವಾಗಿ ಬಣ್ಣ ತುಂಬಬೇಕು. ಎಂಟು ಬರೆದರೆ ಸೊನ್ನೆಯಂತೆ ಕಾಣುತ್ತಿತ್ತು. ಕೊನೆಗೂ ಒಂದು ಹದಕ್ಕೆ ಬಂದಾಗ ರಂಗೋಲಿ ಮುಗಿಸಿದಷ್ಟು ಖುಷಿಯಾಯಿತು.

ಅದಾದ ಮೇಲೆ ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆಗೆ ತಕ್ಕಡಿಗೂ ಪೂಜೆ, ಟ್ರ್ಯಾಕ್ಟರಿಗೂ ಪೂಜೆ. ಆಸ್ಪತ್ರೆಯ ಆಯಾ ಬಿಪಿ ಯಂತ್ರ, ಫ್ರಿಜ್ಜು ಯಾವುದನ್ನೂ ಬಿಡುತ್ತಿರಲಿಲ್ಲ. ಡಾಕ್ಟರ ಮಾನಿಟರಿನ ಗಾಜಿಗೂ, ಹೊಸ್ತಿಲಿಗೆ ಇಟ್ಟ ಹಾಗೆ, ಮೂಲೆಮೂಲೆಗೂ ಒದ್ದೆ ಕುಂಕುಮದ ಬೊಟ್ಟು ಇಟ್ಟಿದ್ದಳು. ಹಚ್ಚಿದ ಕುಂಕುಮವನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು.

ಮಾರನೆಯ ಬೆಳಿಗ್ಗೆ ಪ್ರೋಗ್ರಾಂ ಹೇಗೆ ನಡೆದಿದೆ ನೋಡಲೆಂದು ಮೊದಲ ಬಸ್ಸಿಗೆ ಹಡಗಲಿಗೆ ಬಂದೆ. ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಮಸುಕಿನಲ್ಲೇ ಮಲ್ಲಿಗೆ ಮೊಗ್ಗು ಬಿಡಿಸಲು ತೋಟಕ್ಕೆ ಹೋಗಿದ್ದವರು. ಅವಳ ಕಾಲಿಗೆ ಏನೋ ಚುಚ್ಚಿತ್ತು. ಏನೆಂದು ಇಬ್ಬರೂ ನೋಡಿರಲಿಲ್ಲ. ಹಿಮ್ಮಡಿ ಸ್ವಲ್ಪ ಊದಿತ್ತು.

“ಮುಳ್ಳು ಇರಬೇಕು ತಗೋರಿ ಅಕ್ಕಾರ,” ಎಂದ ಗಂಡ ನನಗೆ. “ಇಕಿ ಇರಿವಿ ಕಡದ್ರೂ ಓಣಿ ಕೂಡಿಸ್ತಾಳ.”

“ನಿನಗ ಕಡೀಬೇಕಿತ್ತು, ಆಗ ಗೊತ್ತಾಗ್ತಿತ್ತು,” ಎಂದಳು ಅವಳು. ನಾನು ನಕ್ಕೆ.

ಡಾಕ್ಟರು ಆಗಲೇ ಅವಳ ರಕ್ತ ತೆಗೆಸಿ ಲ್ಯಾಬಿಗೆ ಕಳಿಸಿದ್ದರು. ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಸದ್ಯಕ್ಕೆ ಭಯವಿಲ್ಲ. ಹೆಪ್ಪುಗಟ್ಟದಿದ್ದರೆ ಕೊಳಕುಮಂಡಲ ಹಾವಿನ ವಿಷ. ಹಾವಿನ ಔಷಧವೇ ಕೆಲವರ ಮೈಗೆ ಒಗ್ಗದೆ ಜೀವಕ್ಕೇ ಕುತ್ತು ತರುವುದರಿಂದ, ವರದಿ ನೋಡದೆ ಅದನ್ನು ಕೊಡುವಂತಿರಲಿಲ್ಲ. ಬೇರೆ ರೋಗಿಗಳು ಒಳಗೆ ಹೋಗುತ್ತ ಬರುತ್ತ ಇದ್ದರು. ನಾವು ಕಾದೆವು.

ಅವಳು ಮಾತು ನಿಲ್ಲಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸೆರಗು ಕೆಂಪಾಯಿತು. ಮತ್ತೆ ಒರೆಸಿಕೊಂಡಳು. ಒಸಡಿನಿಂದ ರಕ್ತ ಜಿನುಗುತ್ತಿತ್ತು.

“ಎಲೆಅಡಿಕಿ ಹಾಕಿಯೇನು?” ಎಂದೆ.

“ಇಲ್ರಿ. ಬಾಯಿ ಉಪ್ಪುಪ್ಪು ಆಗೈತಿ.”

ನಾನು ಕೇಳದೆ ಡಾಕ್ಟರ ಕೋಣೆಗೆ ನುಗ್ಗಿದೆ. “ಸರ್, ಆ ಹೆಣ್ಣುಮಗಳ ಬಾಯಾಗ ರಕ್ತ ಬರಾಕತ್ತೈತಿ. ರಿಪೋರ್ಟ್ ಬಂತೇನ್ರಿ?”

“ಇನ್ನೂ ಬಂದಿಲ್ಲ ನೋಡಮ್ಮ. ಅದನ್ನ ಕಾಯಾಕತ್ತೀನಿ.”

ಕಣ್ಣು ತಾನಾಗಿ ಪರದೆಯ ಆ ನನ್ನ ಮೂಲೆಗೆ ಹೋಯಿತು. “ಸರ್, ಕೆಂಪು ಐತಲ್ರಿ!”

“ಅದು ನಿನ್ನೆ ಆಯಾ ಹಚ್ಚಿದ ಕುಂಕುಮ.”

ಹೆಬ್ಬೆರಳಿನಿಂದ ಉಜ್ಜಿದೆ. ಗಾಜಿನ ಮೇಲೆ ಕುಂಕುಮ ಕದಡಿ ಬೆರಳಿಗೆ ಬಂತು. ಅದರ ಕೆಳಗೆ ಇನ್ನೊಂದು ಕೆಂಪು, ಅದು ಅಳಿಸಲಿಲ್ಲ. ಒಳಗೆ ನಾನೇ ಬಿಡಿಸಿದ್ದ ಬಿಳಿಯ ಅಂಕಿ, ‘ಒಂದು’.

ಡಾಕ್ಟರು ಅದನ್ನು ಒತ್ತಿ, ಓದಿ, ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದರು. ‘ರಕ್ತ ಹೆಪ್ಪುಗಟ್ಟಿಲ್ಲ.’ ವರದಿ ಬಂದು ಎಷ್ಟೋ ಹೊತ್ತಾಗಿತ್ತು. ಎಲ್ಲರೂ ಭಾಯಿ ಎನ್ನುತ್ತಿದ್ದ ಲ್ಯಾಬಿನ ಟೆಕ್ನಿಷಿಯನ್, ಡಾಕ್ಟರು ನೋಡಿರುತ್ತಾರೆಂದು ನಂಬಿ ಮುಂದಿನ ಪರೀಕ್ಷೆಗೆ ಕೂತಿದ್ದರು.

ಅವಳನ್ನು ಎತ್ತಿಕೊಂಡು ಹೋಗಿ ಮಲಗಿಸಿದರು. ಬಾಟಲಿಯಿಂದ ಔಷಧ ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ಮೈಯೆಲ್ಲ ನಡುಗಿ, ದದ್ದು ಎದ್ದು, ಉಸಿರು ಸಿಕ್ಕಿಕೊಂಡಿತು. ನಿಲ್ಲಿಸಿದರು, ಇನ್ನೊಂದು ಇಂಜೆಕ್ಷನ್ ಕೊಟ್ಟರು, ಕಾದರು, ಮತ್ತೆ ಬಾಟಲಿ ಹಚ್ಚಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಕುಂಕುಮದ ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯಲಿಲ್ಲ.

ಆಯಾ ವಿಷಯ ತಿಳಿದು ಮೂಲೆಯಲ್ಲಿ ಕೂತು ಅಳುತ್ತಿದ್ದಳು. “ಒಳ್ಳೇದಾಗಲಿ ಅಂತ ಹಚ್ಚಿದ್ನಲ್ರೀ ಯಪ್ಪಾ.”

“ಗೊತ್ತೈತಿ, ಏಳು,” ಎಂದರು ಡಾಕ್ಟರು. “ಮೂಲ್ಯಾಗ ಕುಂದ್ರಿಸು ಅಂದಾಂವ ನಾನು. ಇನ್ನ ನಾ ಯಾರ ಮುಂದ ಅಳಲಿ?” ಭಾಯಿ ಆಯಾಗೆ ಚಹಾ ತಂದುಕೊಟ್ಟು ಪಕ್ಕದಲ್ಲೇ ಕೂತರು.

ಮಧ್ಯಾಹ್ನ, ಮಾಡಲು ಇನ್ನೇನೂ ಇಲ್ಲದೆ, ಕಂಪ್ಯೂಟರಿನ ಮುಂದೆ ಕೂತೆ. ಜೀವದ ಪ್ರಶ್ನೆಯ ವರದಿ ಬಂದರೆ ಪೆಟ್ಟಿಗೆ ಮತ್ತೆ ಪರದೆಯ ನಡುವೆಯೇ ತೆರೆಯುವಂತೆ ಬದಲಾಯಿಸಿದೆ. ಸಣ್ಣ ಕೆಲಸಕ್ಕೆ ತುಂಬ ಹೊತ್ತು ಹಿಡಿಯಿತು. ಇಷ್ಟು ವರ್ಷದ ಮೇಲೂ ಆ ಬೆಳಿಗ್ಗೆ ಮನಸ್ಸಿನಲ್ಲಿ ತಿರುತಿರುಗಿ ನಡೆಯುತ್ತದೆ. ಒಮ್ಮೊಮ್ಮೆ ಅದರಲ್ಲಿ ನಾನು ಎರಡನೆಯ ಬಸ್ಸಿಗೆ ಬರುತ್ತೇನೆ. ಒಮ್ಮೊಮ್ಮೆ ಅವಳು ಬಾಯಿ ಒರೆಸಿಕೊಳ್ಳುವಾಗ ನಾನು ಬೇರೆ ಕಡೆ ನೋಡುತ್ತಿರುತ್ತೇನೆ.

ಸಂಜೆ ಮತ್ತೆ ರಕ್ತ ತೆಗೆದರು. ಈ ಸಲ ಭಾಯಿ ಏನನ್ನೂ ಟೈಪ್ ಮಾಡಲಿಲ್ಲ. ನಳಿಕೆಯನ್ನು ಕೈಯಲ್ಲೇ ಹಿಡಿದು ವಾರ್ಡಿಗೆ ಬಂದು, ಎಲ್ಲರ ಮುಂದೆ ಬಗ್ಗಿಸಿ ತೋರಿಸಿದರು. ರಕ್ತ ಜಾರಲಿಲ್ಲ; ತಳದಲ್ಲೇ ಗಟ್ಟಿಯಾಗಿ ಕೂತಿತ್ತು.

ಗಂಡ ನಳಿಕೆಯನ್ನೂ ಡಾಕ್ಟರನ್ನೂ ನೋಡಿದ. “ಅಂದ್ರ ಏನ್ರೀ?”

“ಅಂದ್ರ, ನಾಳೆಯಿಂದ ಮತ್ತ ನಿನ್ನ ಬೈತಾಳ,” ಎಂದರು ಡಾಕ್ಟರು.

ಅವನು ಗೋಡೆಗೆ ಒರಗಿ ಹಾಗೆಯೇ ಕೆಳಗೆ ಕುಸಿದು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.