ಆಲೆಮನೆಯಲ್ಲಿ ಕುಡಿದ ಲೋಟಗಳ ಲೆಕ್ಕ

ನವೆಂಬರ್ ಎರಡನೇ ಭಾನುವಾರದ ಪುಟದಲ್ಲಿ ನನ್ನ ದಿನಚರಿ ಹೀಗಿದೆ: "ಧನಗೆರೆ, ಆಲೆಮನೆ. ಕೇಳಬೇಕಾದ ಪ್ರಶ್ನೆ ಐದು, ಕೇಳಿದ್ದು ಐದು. ಕುಡಿದದ್ದು ಒಂದು ಲೋಟ." ಈ ಕೊನೆಯ ಮಾತೇ ಆಮೇಲೆ ತೊಂದರೆ ಕೊಟ್ಟಿತು.

ನಾನು ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಯಳಂದೂರಿನ ಒಬ್ಬ ಮೇಷ್ಟ್ರು, ಹನೂರಿನ ಒಬ್ಬ ನರ್ಸ್ ಮತ್ತು ನಾನು ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಪುಟ ನಡೆಸುತ್ತಿದ್ದೇವೆ. ನಮ್ಮ ಮೂರು ಊರುಗಳ ಸುತ್ತ ಸಿಗುವ ಸಾಮಾನಿನಲ್ಲಿ ಯಾವುದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು ಎಂದು ಅದರಲ್ಲಿ ಬರೆಯುತ್ತೇವೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಶಾಗ್ಯದ ರಾಗಿ, ಒಡೆಯರಪಾಳ್ಯದ ಉಣ್ಣೆ ಟೋಪಿ, ಬೆಟ್ಟದ ಜೇನು, ನಮ್ಮೂರಿನ ರೇಷ್ಮೆ ಸೀರೆ ಎಲ್ಲವೂ ಅಲ್ಲಿವೆ. ಪ್ರತಿ ಸಾಮಾನಿಗೂ ಐದು ಪ್ರಶ್ನೆ. ಮಾಡಿದವರು ಯಾರು, ಅವರಿಗೆ ಸರಿಯಾದ ಕೂಲಿ ಸಿಕ್ಕಿತೇ, ಅದಕ್ಕೆ ಏನು ಬೆರೆಸಿದರು, ಕಸ ಎಲ್ಲಿಗೆ ಹೋಯಿತು, ಮಕ್ಕಳ ಕೈಯಲ್ಲಿ ಕೆಲಸ ಮಾಡಿಸಿದರೇ. ನಮ್ಮಲ್ಲಿ ಇಬ್ಬರು ಕಣ್ಣಾರೆ ನೋಡಿ ಬಂದರೆ ಮಾತ್ರ ಹಸಿರು ಗುರುತು.

ಆರನೆಯದಾಗಿ ಒಂದು ನಿಯಮವನ್ನು ನಾನೇ ಸೇರಿಸಿದ್ದೆ. ಪುಟ ಶುರುವಾದ ಮೊದಲ ತಿಂಗಳಲ್ಲಿ ಯಾರೋ ಒಂದು ಅಂಗಡಿಯನ್ನು ಹಾಡಿ ಹೊಗಳಿ, ಆಮೇಲೆ ಆ ಅಂಗಡಿಯವರು ತಮಗೆ ಒಂದು ಬಾಟಲಿ ಜೇನು ಸುಮ್ಮನೆ ಕೊಟ್ಟಿದ್ದನ್ನು ಬಾಯಿಬಿಟ್ಟರು. ಅಂದಿನಿಂದ ಬರೆಯುವವರು ಕೊನೆಯಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕು: "ತಯಾರಿಸಿದವರಿಂದ ನಾನು ಏನನ್ನೂ ಪಡೆದಿಲ್ಲ." ಗುರುತು ಹಾಕದಿದ್ದರೆ ಬರೆದದ್ದು ಪ್ರಕಟವಾಗುವುದಿಲ್ಲ. ಇದನ್ನು ಸೇರಿಸಿದ ದಿನ ನನಗೆ ಬಹಳ ಹೆಮ್ಮೆಯಾಗಿತ್ತು.

ಧನಗೆರೆಯ ಆಲೆಮನೆ ನಡೆಸುವವರು ಒಬ್ಬ ಅಕ್ಕ ಮತ್ತು ಅವರ ಮಾವ. ಬೆಲ್ಲ ಹೊಂಬಣ್ಣಕ್ಕೆ ಬರಲಿ ಎಂದು ಕುದಿಯುವ ಕಬ್ಬಿನ ಹಾಲಿಗೆ ಬಿಳಿ ಪುಡಿಯೊಂದನ್ನು ಹಾಕುವ ರೂಢಿ ಅವರಲ್ಲೂ ಇತ್ತು. ಈ ವರ್ಷ ಅಕ್ಕ ಹಟ ಹಿಡಿದು ಅದನ್ನು ಬಿಡಿಸಿದ್ದರು. ಸುಣ್ಣದ ತಿಳಿ ಮತ್ತು ಬೆಂಡೆಗಿಡದ ಲೋಳೆ, ಅಷ್ಟರಲ್ಲೇ ಕೊಳೆ ತೆಗೆಯುತ್ತಿದ್ದರು. ಬೆಲ್ಲ ಹುಣಸೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಮಂಡಿಯವರು ಬಂದು ನೋಡಿ, ಮುಖ ಸಿಂಡರಿಸಿ ಹೋಗಿದ್ದರು.

ನಾನು ಮತ್ತು ಮೇಷ್ಟ್ರು ನನ್ನ ಸ್ಕೂಟಿಯಲ್ಲಿ ಹೋದಾಗ ಗಾಣ ತಿರುಗುತ್ತಿತ್ತು, ಕೊಪ್ಪರಿಗೆ ಕುದಿಯುತ್ತಿತ್ತು. ನಾನು ಪುಸ್ತಕ ತೆಗೆಯುವ ಮೊದಲೇ ಅಕ್ಕ ನಿಂಬೆಹಣ್ಣು ಹಿಂಡಿದ ಕಬ್ಬಿನ ಹಾಲನ್ನು ಮುಂದೆ ಹಿಡಿದರು.

"ಕುಡಿ ಕೂಸೇ. ಮೊದ್ಲು ಗಂಟ್ಲು ತಣ್ಣಗಾಗ್ಲಿ, ಆಮೇಲ್ ಕೇಳುವೆ."

ಕುಡಿದೆ. ಲೋಟ ಕೆಳಗಿಟ್ಟ ಮೇಲೆ ಚೌಕದ ನೆನಪಾಯಿತು. ಮೇಷ್ಟ್ರಿಗೆ ಶುಗರ್ ಇದೆ. ಅವರು ಕೈ ಅಡ್ಡ ಹಿಡಿದು, "ಬ್ಯಾಡ ಕಣವ್ವಾ, ನಂಗೆ ಸಕ್ಕರೆ ಕಾಯಿಲೆ" ಎಂದರು. ನಮ್ಮಲ್ಲಿ ಒಬ್ಬರಾದರೂ ಉಳಿದರಲ್ಲ ಎಂದು ನಾನು ಉಸಿರುಬಿಡುವಷ್ಟರಲ್ಲಿ ಅಕ್ಕ ಮನೆಗೆ ಓಡಿ ಹೋಗಿ ಒಂದು ಚೊಂಬು ಮಜ್ಜಿಗೆ ತಂದರು. ಮೇಷ್ಟ್ರು ಚೊಂಬನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ಎತ್ತಿ ಕುಡಿದೇಬಿಟ್ಟರು.

ಕಟ್ಟೆಯ ಮೇಲೆ ಕುಳಿತಿದ್ದ ಮಾವ ಇದನ್ನೆಲ್ಲ ನೋಡುತ್ತಿದ್ದರು. ಪ್ರಶ್ನೆಗಳು ಮುಗಿದ ಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು.

"ನಿಮ್ ಫೋನ್‌ನಾಗೆ ಬರುದ್ರೆ ಈ ಕರೀ ಬೆಲ್ಲವ ಯಾರಾರ ತಕತ್ತಾರಾ?"

ಸಂಕ್ರಾಂತಿಗೆ ನಮ್ಮ ಪುಟದಲ್ಲಿ ಒಂದು ಪಟ್ಟಿ ಹಾಕುತ್ತೇವೆ ತಾತ, ಹಸಿರು ಗುರುತು ಇರುವುದನ್ನೆಲ್ಲ ಜನ ಒಟ್ಟಿಗೆ ತರಿಸಿಕೊಳ್ಳುತ್ತಾರೆ, ಡಿಸೆಂಬರ್ ಕೊನೆಯ ಭಾನುವಾರ ಪಟ್ಟಿ ಮುಚ್ಚುತ್ತದೆ ಎಂದೆ.

"ಸರಿ. ಅಲ್ಲೀಗಂಟ ನೋಡ್ತೀನಿ. ಅದ್ರೊಳ್ಗೆ ಬರ್ನಿಲ್ಲ ಅಂದ್ರೆ ಪುಡಿ ಆಕೋದೇ ಸೈ. ಅಗೋ, ಪಾಕೀಟು ಅಲ್ಲೇ ಮಡಗಿವ್ನಿ." ಗೋಡೆಯ ಗೂಡಿನಲ್ಲಿ ಇನ್ನೂ ಒಡೆಯದ ಒಂದು ಪ್ಯಾಕೆಟ್ ಇತ್ತು.

ಅಕ್ಕ ಕೊಪ್ಪರಿಗೆಯ ಕಡೆ ತಿರುಗಿ ನೊರೆ ತೆಗೆಯತೊಡಗಿದರು. ನಾವು ಹೊರಡುವಾಗ ಗಾಡಿಯ ತನಕ ಬಂದು, "ಎಂಗಾರ ಮಾಡಿ ಬರೀರಿ ಕೂಸೇ. ಆ ಪುಡಿ ಆಕುದ್ರೆ ನಂಗೆ ಉಸ್ರು ಕಟ್ತದೆ" ಎಂದರು.

ಮನೆಗೆ ಬಂದು ಐದೂ ಉತ್ತರ ಟೈಪ್ ಮಾಡಿದೆ. ಚೌಕದ ಹತ್ತಿರ ಬೆರಳು ನಿಂತಿತು. ಮೇಷ್ಟ್ರಿಗೆ ಫೋನ್ ಮಾಡಿ, "ಮಜ್ಜಿಗೆ ಕಬ್ಬಿನಿಂದ ಮಾಡಿದ್ದಲ್ಲವಲ್ಲ ಸಾರ್, ನೀವು ಗುರುತು ಹಾಕಬಹುದಾ?" ಎಂದು ಕೇಳಿದೆ. "ನಿಯಮ ಬರ್ದೋಳು ನೀನು, ಕಳ್ಳದಾರಿ ನಂಗ್ ತೋರುಸ್ತೀಯಾ?" ಎಂದು ನಕ್ಕರು.

ಮೂರನೇ ಭಾನುವಾರ ಒಬ್ಬಳೇ ಹೋದೆ. ಈ ಸಲ ಕುಡಿದದ್ದಕ್ಕೆ ದುಡ್ಡು ಕೊಟ್ಟುಬಿಟ್ಟರೆ ಅದು ಕೊಂಡದ್ದಾಗುತ್ತದೆ, ಪಡೆದದ್ದಾಗುವುದಿಲ್ಲ ಎಂಬ ಉಪಾಯ ಹೊಳೆದಿತ್ತು. ಒಂದು ಲೋಟ ಕುಡಿದು, ಹತ್ತು ರೂಪಾಯಿ ನೋಟನ್ನು ಕಟ್ಟೆಯ ಮೇಲೆ ಇಟ್ಟೆ. ಅಕ್ಕನ ಮುಖ ಸಣ್ಣದಾಯಿತು.

"ಎತ್ಕೊ ಅದ. ನಿಮ್ಮವ್ವ ಮುದ್ದೆ ಇಕ್ಕುದ್ರೂ ಕಾಸ್ ಮಡಗ್ತೀಯಾ?"

ಮಾವ ಗಾಣದ ಹತ್ತಿರದಿಂದಲೇ ಕೂಗಿದರು: "ಆಲೆಮನೆ ಒಸ್ಲು ತುಳ್ದೋರ ಬಾಯ್ ಒಣಗುಸ್ಕಂಡು ಕಳುಸುದ್ರೆ ಪಾಕ ಕೂರದಿಲ್ಲ ಕನಮ್ಮಿ. ದಾರೀಲೋಗೋರ್ಗೇ ಕೊಡ್ತೀವಿ, ನಿಂದೇನ್ ದೊಡ್ಡದು!"

ಅಕ್ಕನ ಮನಸ್ಸು ತಿಳಿಯಾಗಲೆಂದು ಇನ್ನೊಂದು ಲೋಟ ಕುಡಿದೆ. ಆ ದಿನದ ಪುಟದಲ್ಲಿ "ಲೋಟ ಎರಡು, ಒಟ್ಟು ಮೂರು" ಎಂದಿದೆ.

ಆಲೆಮನೆ ನಡೆಯದ ದಿನ ಹೋಗೋಣವೆಂದರೆ ನೋಡುವುದಕ್ಕೆ ಏನೂ ಇರುವುದಿಲ್ಲ. ಕೊನೆಗೆ ಹನೂರಿನ ನರ್ಸಿಗೆ ಹೇಳಿದೆವು. ಅವರು ಬಹಳ ಖಡಕ್ಕು. ಇಂಜೆಕ್ಷನ್ನಿಗೆ ಹೆದರಿ ಅಳುವ ದೊಡ್ಡವರನ್ನು ಗದರಿಸಿ ಸುಮ್ಮನಾಗಿಸುವವರು. "ನನ್ ಹತ್ರ ನಡಿಯಲ್ಲ. ಮನೇಲೇ ನೀರು ಕುಡ್ದು, ಬಾಟ್ಲೂ ತಕಂಡೋಯ್ತೀನಿ" ಎಂದು ಡಿಸೆಂಬರ್ ಮೊದಲ ವಾರ ಹೋದರು. ಸಂಜೆ ನಮ್ಮ ಮೂವರ ಗುಂಪಿಗೆ ಒಂದು ಫೋಟೋ ಬಂತು. ಊಟದ ಡಬ್ಬಿಯ ತುಂಬ ಜೋನಿಬೆಲ್ಲ. ಕೆಳಗೆ ಬರೆದಿದ್ದರು: "ಡಬ್ಬಿ ಮಾತ್ರ ನನ್ನದೇ."

ಹೀಗೆ ನಾವು ಮೂವರೂ ಅನರ್ಹರಾದೆವು. ಜಿಲ್ಲೆಯ ಯಾವ ಆಲೆಮನೆಯ ಬಗ್ಗೆಯೂ ಯಾರೂ ಬರೆಯಲಾಗದಂಥ ನಿಯಮವನ್ನು ನಾನು ಮಾಡಿಟ್ಟಿದ್ದೆ. ಪಟ್ಟಿ ಮುಚ್ಚಲು ಮೂರು ವಾರ ಉಳಿದಿತ್ತು. ಊಟಕ್ಕೆ ಕುಳಿತಾಗಲೂ ಗೂಡಿನ ಪ್ಯಾಕೆಟ್ಟು ನೆನಪಾಗುತ್ತಿತ್ತು. ಹಾಗೆಂದು ಚೌಕಕ್ಕೆ ಸುಳ್ಳು ಗುರುತು ಹಾಕಲು ಮನಸ್ಸು ಬರಲಿಲ್ಲ. ಅಕ್ಕ ಒಬ್ಬರಿಗಾಗಿ ನಿಯಮವನ್ನು ಅಳಿಸಿದರೆ ನಾಳೆ ಜೇನಿನ ಬಾಟಲಿಯವರೂ ಬರುತ್ತಾರೆ.

ಡಿಸೆಂಬರ್ ಮೂರನೇ ಶನಿವಾರ ಮೇಷ್ಟ್ರು ಅಂಗಡಿಗೆ ಬಂದರು. ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸುತ್ತಾ, ನನ್ನ ದಿನಚರಿಯನ್ನು ತೆಗೆದು ಓದಿದರು.

"ಆ ನಿಯಮವ ಯಾತಕ್ಕೆ ಬರ್ದೆ?"

"ಓದೋರಿಗೆ ಮೋಸ ಆಗ್ಬಾರ್ದು ಅಂತ ಸಾರ್."

"ಏನ್ ಕುಡ್ದೆ, ಎಷ್ಟ್ ಕುಡ್ದೆ, ಯಾವತ್ ಕುಡ್ದೆ, ಎಲ್ಲಾ ಇಲ್ಲೇ ಬರ್ದಿದೀಯಲ್ಲಾ. ಇದ್ನೇ ಪುಟಕ್ಕಾಕು. ನಂಬೋದೋ ಬುಡೋದೋ ಓದೋರಿಗೆ ಬುಡು."

ಯಂತ್ರದಿಂದ ಹಾಳೆಗಳು ಬರುತ್ತಲೇ ಇದ್ದವು. ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಸ್ವಲ್ಪ ನಗುವೂ ಬಂತು.

ಅಂದು ಸಂಜೆಯೇ ಮೂವರೂ ಒಪ್ಪಿ ಚೌಕವನ್ನು ತೆಗೆದು, ಅಲ್ಲಿ "ಪಡೆದದ್ದು" ಎಂಬ ಹೊಸ ಸಾಲು ಹಾಕಿದೆವು. ಏನೂ ಪಡೆಯದವರೂ ಹಾಗೆಂದೇ ಬರೆಯಬೇಕು. ಖಾಲಿ ಬಿಡುವಂತಿಲ್ಲ. ಧನಗೆರೆಯ ಬೆಲ್ಲಕ್ಕೆ ಹಸಿರು ಗುರುತು ಬಿತ್ತು, ಅದರ ಕೆಳಗೆ ಮೊದಲ ಬಾರಿಗೆ ಆ ಸಾಲು ತುಂಬಿತು: "ಕೊಳ್ಳೇಗಾಲದವಳು: ಕಬ್ಬಿನ ಹಾಲು, ಮೂರು ಲೋಟ. ಯಳಂದೂರಿನವರು: ಮಜ್ಜಿಗೆ, ಒಂದು ಚೊಂಬು. ಹನೂರಿನವರು: ಜೋನಿಬೆಲ್ಲ, ಒಂದು ಡಬ್ಬಿ, ಡಬ್ಬಿ ಸ್ವಂತದ್ದು." ಬೆಲ್ಲದ ದೋಷಗಳನ್ನೂ ಬಿಡಲಿಲ್ಲ. ಬಣ್ಣ ಕಪ್ಪು, ಮೋಡದ ದಿನ ಬೆವರುತ್ತದೆ, ಎಳ್ಳುಬೆಲ್ಲಕ್ಕೆ ಸಣ್ಣಗೆ ಹೆಚ್ಚುವುದು ಕಷ್ಟ.

ನಮ್ಮವ್ವ ಅದನ್ನು ಓದಿ, "ಇಂಗೆ ಬರುದ್ರೆ ಯಾರ್ ತಕತ್ತಾರೆ? ಬೆಲ್ಲಕ್ಕಿಂತ ನೀ ಕುಡ್ದದ್ದೇ ಜಾಸ್ತಿ ಅದೆ" ಎಂದಳು. ನನಗೂ ಅದೇ ಭಯವಿತ್ತು.

ಮೊದಲ ಎರಡು ದಿನ ಯಾರೂ ಕೇಳಲಿಲ್ಲ. ಮೂರನೇ ದಿನ ಒಬ್ಬರು ಕೆಳಗೆ ಬರೆದರು: "ಮೂರು ಲೋಟ ಕುಡಿದವರ ಮಾತನ್ನು ನಂಬಬಹುದು. ಒಂದೇ ಲೋಟಕ್ಕೆ ನಿಲ್ಲಿಸಿದ್ದರೆ ಅನುಮಾನ ಬರುತ್ತಿತ್ತು." ಇನ್ನೊಬ್ಬರು, "ಮೇಷ್ಟ್ರಿಗೆ ಮಜ್ಜಿಗೆ ತಂದುಕೊಟ್ಟ ಮನೆಯವರು ಬೆಲ್ಲಕ್ಕೆ ಪುಡಿ ಹಾಕುವವರಲ್ಲ" ಎಂದು ಎರಡು ಅಚ್ಚು ಬೇಕೆಂದರು. ಆಮೇಲೆ ಸಾಲುಗಳು ಬೆಳೆಯುತ್ತಾ ಹೋದವು. ಕೊನೆಯ ಭಾನುವಾರ ಪಟ್ಟಿ ಮುಚ್ಚಿದಾಗ ನಲವತ್ತೊಂದು ಮನೆ. ಎರಡು ಸಲ ಎಣಿಸಿದೆ. ನಲವತ್ತೊಂದನೆಯದು ನಮ್ಮವ್ವನದು.

ಜನವರಿ ಮೊದಲ ಭಾನುವಾರ ಮೇಷ್ಟ್ರೊಂದಿಗೆ, ಒಂದು ಲಗೇಜ್ ಆಟೋ ಮಾಡಿಕೊಂಡು ಬೆಲ್ಲ ತರಲು ಹೋದೆ. ಅಕ್ಕ ಅಚ್ಚುಗಳನ್ನು ಕಬ್ಬಿನ ಸೋಗೆಯಲ್ಲಿ ಸುತ್ತಿ ಸಾಲಾಗಿ ಜೋಡಿಸಿದ್ದರು. ಗೂಡಿನಲ್ಲಿ ನಿಂಬೆಹಣ್ಣಿನ ಕುಕ್ಕೆ ಇತ್ತು.

"ಪುಡಿ ಪ್ಯಾಕೆಟ್ ಎಲ್ಲಿ ತಾತ?" ಎಂದೆ.

"ತಂದಿದ್ ಅಂಗ್ಡಿಗೇ ಬಿಸಾಕ್ಬುಟ್ಟು ಬಂದೆ. ಅದಿರ್ಲಿ. ನೀನು ಸುಳ್ ಬರ್ದಿದೀಯಂತಲ್ಲಾ!"

ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಪುಟವನ್ನು ಅವರೇ ಮಾವನಿಗೆ ಓದಿ ಹೇಳಿದ್ದರಂತೆ.

"ಮೂರ್ ಲೋಟ ಅಂತ ಆಕಿದೀಯೆ. ನಾಕು ಕನಮ್ಮಿ. ಕಾಸ್ ಮಡಗಿ ಉಗುಸ್ಕಂಡ್ಯಲ್ಲಾ, ಅವತ್ತು ಗಾಡಿ ಮೇಲ್ ಕೂತಮೇಲೆ ನಾನೇ ತಂದ್ಕೊಟ್ಟೆ. ಕೂತ್ಕಂಡೇ ಕುಡ್ದೆ."

ದಿನಚರಿ ತೆಗೆದು ನೋಡಿದೆ. "ಲೋಟ ಎರಡು" ಎಂದೇ ಇತ್ತು. ಆದರೆ ಅದನ್ನು ಬರೆದದ್ದು ಆಲೆಮನೆಯ ಕಟ್ಟೆಯ ಮೇಲೆ, ಗಾಡಿ ಹತ್ತುವ ಮೊದಲು. ಆಮೇಲೆ ಪುಸ್ತಕವನ್ನು ಚೀಲಕ್ಕೆ ಹಾಕಿದ್ದೆ. ತಾತನ ಕೈ, ಹಿತ್ತಾಳೆ ಲೋಟ, ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ ಕುಡಿದದ್ದು, ಎಲ್ಲ ಈಗ ನೆನಪಾಯಿತು.

"ಸರಿಯಾಗಿ ಹೇಳಿದ್ರಿ ತಾತ" ಎಂದು ಅಲ್ಲೇ ಫೋನ್ ತೆಗೆದು ತಿದ್ದಿದೆ: "ಕೊಳ್ಳೇಗಾಲದವಳು: ಕಬ್ಬಿನ ಹಾಲು, ನಾಲ್ಕು ಲೋಟ. ತಿದ್ದಿಸಿದವರು ಆಲೆಮನೆಯ ಯಜಮಾನರು." ಓದಿ ಹೇಳಿದಾಗ ತಾತ ಬೆನ್ನು ನೆಟ್ಟಗೆ ಮಾಡಿಕೊಂಡು, "ಅಂಗೇ ಇರ್ಬೇಕು. ಬಾಯಿಗೊಂದು ಬರವಣ್ಗೆಗೊಂದು ಆಗ್ಬಾರ್ದು" ಎಂದರು. ನಮ್ಮ ಪುಟವನ್ನು ತಿದ್ದಿದ ಮೊದಲ ಬೆಲ್ಲದವರು ಅವರೇ.

ಅಷ್ಟರಲ್ಲಿ ಅಕ್ಕ ಲೋಟ ಹಿಡಿದು ಬಂದರು. ಮೇಷ್ಟ್ರಿಗೆ ಕೇಳದೆಯೇ ಮಜ್ಜಿಗೆ ಬಂದಿತ್ತು. ನಾನು ಲೋಟ ತೆಗೆದುಕೊಳ್ಳಲು ಕೈ ಚಾಚಿದೆ. ತಾತ ತಡೆದರು.

"ಏಯ್, ಮೊದ್ಲು ಬರ್ಕೊ. ಆಮೇಲ್ ಕುಡಿ."

ಐದು ಎಂದು ಬರೆದು, ಕುಡಿದೆ.