ಕುರ್ಚಿಯ ವಂಶವೃಕ್ಷ

ಕರೆಂಟು ಹೋಗಬಹುದಿತ್ತು, ಅಧ್ಯಕ್ಷರಿಗೆ ಪಿರಿಯಾಪಟ್ಟಣದ ಬಸ್ಸು ತಪ್ಪಬಹುದಿತ್ತು, ನನ್ನ ಕನ್ನಡಕ ಮನೆಯ ಗೂಡಿನಲ್ಲೇ ಉಳಿಯಬಹುದಿತ್ತು, ಜನ ಬಾರದಿರಬಹುದಿತ್ತು, ಅದಕ್ಕಿಂತ ಭಯಂಕರವಾಗಿ, ಬಂದೇಬಿಡಬಹುದಿತ್ತು. ಹುಣಸೂರಿನಲ್ಲಿ ನನ್ನ ಭಾಷಣ ಗೊತ್ತಾದಂದಿನಿಂದ ಇದೇ ನನ್ನ ನಿತ್ಯಜಪ.

"ಮದ್ವೆ ದಿನಾನೂ ಹಿಂಗೇ ಬೆವರಿದ್ರಿ ಕಣ್ರೀ. ಏನಾಯ್ತು? ನಾನು ಬಂದೆ, ಅಷ್ಟೇ ತಾನೆ?" ಎಂದಳು ಮನೆಯಾಕೆ. ಈ ಸಮಾಧಾನದಿಂದ ನಾನು ಇನ್ನಷ್ಟು ಬೆವರಿದೆ.

ವಿಷಯ: 'ಕುರ್ಚಿ, ಒಂದು ಅಚ್ಚಗನ್ನಡ ಪದ'. 'ಕುಳ್ಳಿರು' ಎಂಬ ಸಾಧುಪ್ರಾಣಿಯನ್ನು ಎಳೆದು ತಿರುಚಿ ಕುರ್ಚಿಯಾಗಿಸಿ ಕರಪತ್ರವನ್ನೂ ಅಚ್ಚು ಹಾಕಿಸಿದ್ದೆ. ವೇದಿಕೆಯ ಮೇಲೆ ಪ್ರದರ್ಶನಕ್ಕಿಡಲು ಅಪ್ಪನ ಬೀಟೆಮರದ ಕುರ್ಚಿಯನ್ನು ಕಾಲು ಸರಿಮಾಡಿಸಲೆಂದು ಬಡಗಿ ಗಫಾರ್ ಸಾಬರಲ್ಲಿಗೆ ಒಯ್ದರೆ, ಅವರು ಕರಪತ್ರ ಓದಿ ನಕ್ಕರು.

"ಕುರ್ಸಿ ಕನ್ನಡದ್ದಾ ಮೇಷ್ಟ್ರೇ? ನಮ್ ಕುರಾನ್‌ನಾಗೇ ಐತಲ್ಲ! ನಮ್ಮಜ್ಜಿ ದಿನಾ ಓದೋರು. ಭೂಮಿ, ಆಕಾಶ ಎಲ್ಲಾ ಹಿಡಿಸೋ ಅಂಥಾ ಕುರ್ಸಿ ಕಣ್ರೀ ಅದು."

ಇಪ್ಪತ್ತು ವರ್ಷ ಕನ್ನಡ ಕಲಿಸಿ ಗಳಿಸಿದ ಹೆಸರು ಆ ಮರದಪುಡಿಯ ಮೇಲೆ ಬಿದ್ದಂತಾಯಿತು. ಮರುದಿನವೇ ಮೈಸೂರಿಗೆ ಓಡಿ, ಗ್ರಂಥಾಲಯದ ದಪ್ಪ ನಿಘಂಟುಗಳನ್ನು ಕೆದಕಿದೆ. ಹೌದು ಸ್ವಾಮಿ, ಉರ್ದುವಿನ ಹಿಂದೆ ಪಾರಸಿ, ಅದರ ಹಿಂದೆ ಅರಬ್ಬಿ, ಅದಕ್ಕೂ ಹಿಂದೆ ಅರಮಾಯಿಕ್, ಎಲ್ಲಕ್ಕೂ ಹಿಂದೆ ಬ್ಯಾಬಿಲೋನಿನ ಯಾವನೋ ಕೂತಿದ್ದ! ಅಷ್ಟು ಜನಾಂಗಗಳು ಹೊತ್ತು ತಂದ ಕೂಸನ್ನು ನಾನೇ ಹೆತ್ತೆನೆಂದು ಊರಿಗೆಲ್ಲ ಸಾರಿದ್ದೆ.

ಭಾಷಣದ ಬೆಳಿಗ್ಗೆ ಸಾಬರು ಕುರ್ಚಿಯ ಕಾಲಿಗೆ ಅಂಟು ಬಳಿದು, ಹಗ್ಗ ಬಿಗಿದು ಕೊಟ್ಟರು. "ಮಧ್ಯಾನದ ಗಂಟ ಯಾರೂ ಕೂರಬ್ಯಾಡ್ದು." ಯಾವ ಎಚ್ಚರಿಕೆಯನ್ನೂ ಎರಡುಪಟ್ಟು ಪಾಲಿಸುವವನು ನಾನು, ಹಗ್ಗಕ್ಕೆ 'ಕೂರಬೇಡಿ' ಎಂದು ಚೀಟಿಯನ್ನೂ ಕಟ್ಟಿದೆ.

ಸಂಜೆ ಕರೆಂಟು ಹೋಗಲಿಲ್ಲ, ಅಧ್ಯಕ್ಷರು ಬಂದರು, ಕನ್ನಡಕ ಮೂಗಿನ ಮೇಲಿತ್ತು. ತಪ್ಪೊಪ್ಪಿಕೊಂಡೆ, ಜನ ಕಲ್ಲೆಸೆಯುವ ಬದಲು ಚಪ್ಪಾಳೆ ತಟ್ಟಿದರು. ಹುರುಪೇರಿ, "ಎಲ್ಲಿಂದಲೋ ನಡೆದು ಬಂದವರಿಗೆ ಕೂರಲು ಜಾಗ ಕೊಡುವುದೇ ಕನ್ನಡದ ದೊಡ್ಡಸ್ತಿಕೆ" ಎಂದು ಮುಗಿಸಿದೆ.

ಆಗ ಕಂಡದ್ದು: ಕಿಕ್ಕಿರಿದ ಸಭೆಯ ಹಿಂದೆ, ಬಾಗಿಲಿಗೊರಗಿ, ಗಫಾರ್ ಸಾಬರು ಮೊದಲಿನಿಂದಲೂ ನಿಂತೇ ಇದ್ದರು. ವೇದಿಕೆಯಲ್ಲಿ ಅಪ್ಪನ ಕುರ್ಚಿ ಹಗ್ಗ ಸುತ್ತಿಕೊಂಡು, ಚೀಟಿ ಕಟ್ಟಿಕೊಂಡು, ಖಾಲಿಯಾಗಿ ವಿರಾಜಮಾನವಾಗಿತ್ತು.

ಓಡಿಹೋಗಿ ಕೈ ಹಿಡಿದುಕೊಂಡೆ. "ಕಾಲು ನೋವಾಯ್ತೇನ್ರೀ ಸಾಬ್ರೇ?"

"ನಂದು ಬುಡಿ ಮೇಷ್ಟ್ರೇ," ಎಂದರು, ಕಣ್ಣು ಮಾತ್ರ ವೇದಿಕೆಯ ಮೇಲೆಯೇ. "ಅದರ ಕಾಲು ಮಧ್ಯಾನವೇ ಗಟ್ಟಿಯಾಗಿತ್ತು."